ದನ ವಾಪಸ್ ಬಂದ್ವಾ ಮೇಷ್ಟ್ರೇ?

ನಮ್ಮ ಕಡೆ ನಡುವಯಸ್ಸಿನ ಗಂಡಸೊಬ್ಬ ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದರೆ, ನಡೆದವನು ಒಂದು ಕಲ್ಲಿನ ಮುಂದೆ ಸುಮ್ಮನೆ ನಿಂತರೆ, ಅಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ನನಗಂತೂ ಏನೂ ಆಗದೆ ಮನೆ ಸೇರಿದ ಭಾನುವಾರಗಳೇ ಕಡಿಮೆ.

ತೊಂಬತ್ತರ ದಶಕದಲ್ಲಿ ನಾನು ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿಕೊಂಡಿದ್ದೆ. ವಾರವೆಲ್ಲ ಮಕ್ಕಳಿಗೆ ದೆಹಲಿಯ ಸುಲ್ತಾನರನ್ನು ಒಪ್ಪಿಸಿ ಒಪ್ಪಿಸಿ ಬೇಜಾರಾಗಿ, ಭಾನುವಾರ ಬಂದರೆ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಯಾವ ಕಲ್ಲು ಎಲ್ಲಿ ಬಿದ್ದಿದೆ, ಯಾವ ಗುಡಿಯ ಹಿಂದೆ ಏನು ಬರೆದಿದೆ ಎಂದು ನೋಡಿಕೊಂಡು ಬರುವ ಹುಚ್ಚು ಹಿಡಿಯಿತು. ನಡೆದೇ ನೋಡಬೇಕು ಎನ್ನುವುದು ನನ್ನ ಹಟ. ಬಸ್ಸಿನಲ್ಲಿ ಹೋದರೆ ಕಾಣುವುದು ಮುಂದಿನ ಸೀಟಿನವರ ತಲೆ ಮಾತ್ರ.

ಜೊತೆಗೆ ಬರುತ್ತಿದ್ದವರು ನಮ್ಮ ಬೀದಿಯ ಪೋಸ್ಟ್ ಮಾಸ್ಟರು. ಅವರಿಗೆ ಚರಿತ್ರೆಯೂ ಬೇಡ, ಕಲ್ಲೂ ಬೇಡ. ಡಾಕ್ಟರು ನಡೆಯಿರಿ ಎಂದಿದ್ದರು, ಅದಕ್ಕೆ ನಡೆಯುತ್ತಿದ್ದರು. ನಾನು ಕಲ್ಲು ಹುಡುಕಿದರೆ ಅವರು ನೆರಳು ಹುಡುಕುತ್ತಿದ್ದರು, ನೆರಳು ಸಿಕ್ಕ ಕೂಡಲೇ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದರು.

ನನ್ನ ಹೆಂಡತಿ ಮೊದಲ ಭಾನುವಾರವೇ ತನ್ನ ಅಭಿಪ್ರಾಯ ಹೇಳಿಬಿಟ್ಟಿದ್ದಳು. "ಕಲ್ಲು ಹುಡುಕೋಕೆ ಬಿಸಿಲಲ್ಲಿ ಅಷ್ಟು ದೂರ ಯಾಕೆ ಹೋಗ್ತೀರಿ? ರೇಷನ್ ಅಕ್ಕೀನ ಮೊರಕ್ಕೆ ಹಾಕಿದೀನಿ. ಜಗುಲಿ ಮೇಲೆ ಕೂತ್ಕೊಂಡು ಎಷ್ಟು ಬೇಕಾದ್ರೂ ಹುಡುಕಿ."

ಮನೆ ಬಿಟ್ಟು ಬಂದವರು

ಒಂದು ಭಾನುವಾರ ಬೆಳಿಗ್ಗೆ ನಂಜನಗೂಡಿನಲ್ಲಿ ಬಸ್ಸಿಳಿದು ಹೆಡತಲೆ ಕಡೆಗೆ ನಡೆದೆವು. ಅಲ್ಲಿಯ ಹಳೆಯ ಗುಡಿ ನೋಡಬೇಕೆಂದು ನನಗೆ ಬಹಳ ದಿನದ ಆಸೆ. ಬಿಸಿಲು ನೆತ್ತಿಗೇರಿದ ಹೊತ್ತಿಗೆ ಊರು ಇನ್ನೇನು ಸಿಕ್ಕಿತು ಅನ್ನುವಷ್ಟು ಹತ್ತಿರ ಬಂದಿದ್ದೆವು. ಆಗ ಎದುರಿನಿಂದ ಖಾಲಿ ಟ್ರೈಲರಿನ ಟ್ರ್ಯಾಕ್ಟರೊಂದು ಬಂದು ನಮ್ಮ ಪಕ್ಕದಲ್ಲೇ ನಿಂತಿತು.

"ಯಾಕ್ ಸಾ, ಬಸ್ ಸಿಗ್ನಿಲ್ವಾ?" ಎಂದು ಡ್ರೈವರ್ ಕೇಳಿದ.

"ಬಸ್ ಬೇಡ ಅಂತಲೇ ನಡೀತಿದೀವಿ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ, ಸುಮ್ಮನೆ."

ಅವನು ಒಮ್ಮೆ ಸೂರ್ಯನನ್ನು ನೋಡಿದ, ಒಮ್ಮೆ ಪೋಸ್ಟ್ ಮಾಸ್ಟರ ಒದ್ದೆ ಶರ್ಟನ್ನು ನೋಡಿದ. ಇಂಜಿನ್ ಆಫ್ ಮಾಡಿ ಕೆಳಗಿಳಿದು ದನಿ ತಗ್ಗಿಸಿ ಕೇಳಿದ. "ಮನೇಲಿ ಏನಾರ ಬೇಜಾರಾ ಸಾ?"

ಇಲ್ಲಪ್ಪ ಎಂದೆ. ನಗುತ್ತಲೇ ಎಂದೆ. ಆ ನಗು ಅವನಿಗೆ ಇನ್ನೂ ಭಯ ಹುಟ್ಟಿಸಿತೆಂದು ಕಾಣುತ್ತದೆ. ನನ್ನ ಹೆಗಲ ಚೀಲ ಕಿತ್ತುಕೊಂಡು ಟ್ರೈಲರಿಗೆ ಹಾಕಿದ. "ಅತ್ತಿ ಸಾ, ಅತ್ತಿ" ಎಂದು ಹಿಂದಿನಿಂದ ತಳ್ಳಿ ಹತ್ತಿಸಿಯೇಬಿಟ್ಟ. ಪೋಸ್ಟ್ ಮಾಸ್ಟರಂತೂ ಯಾರೂ ತಳ್ಳದೆ ತಾವೇ ಹತ್ತಿ ಕೂತಿದ್ದರು. ಬೆಳಿಗ್ಗೆಯಿಂದ ನಡೆದ ದಾರಿಯೆಲ್ಲ ಹಿಂದಕ್ಕೆ ಓಡಿತು. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಟೀ ಕುಡಿಸಿ, ಬುದ್ಧಿ ಹೇಳಿದ. "ಎಂಗಸ್ರು ಸಿಟ್ನಲ್ಲಿ ಏನೋ ಒಂದಂತಾರೆ. ಅದ್ನೆಲ್ಲ ಮನಸ್ಗೆ ಆಕ್ಕಂಡು ನಿಮ್ಮಂಥ ದೊಡ್ಡೋರು ಇಂಗೆ ಇಬ್ಬಿಬ್ರು ಒಟ್ಗೆ ಮನೆ ಬುಡ್ಬಾರ್ದು."

ಆಮೇಲೆ ನರಸೀಪುರದ ಬಸ್ಸು ಹತ್ತಿಸಿ ಕಂಡಕ್ಟರ ಕಿವಿಯಲ್ಲಿ ಏನೋ ಹೇಳಿ ಹೋದ. ನಡುವೆ ಒಂದೂರಿನಲ್ಲಿ ಇಳಿದು ಅಲ್ಲಿಯ ಕಟ್ಟೆಯನ್ನಾದರೂ ನೋಡೋಣವೆಂದು ನಾನು ಎದ್ದೆ. ಕಂಡಕ್ಟರ್ ಓಡಿಬಂದು ಭುಜ ಒತ್ತಿ ಕೂರಿಸಿದ. "ಬೇಡಿ ಸಾರ್. ಆತ ಎಲ್ಲಾ ಹೇಳಿದಾನೆ. ಮನೆಗೆ ಹೋಗಿ, ಊಟ ಮಾಡಿ ಮಲಗಿ, ಬೆಳಿಗ್ಗೆ ಎಲ್ಲಾ ಸರಿಹೋಗುತ್ತೆ."

ಇಲ್ಲದ ಮರದ ಎಡಕ್ಕೆ

ಸುತ್ತೂರಿನಿಂದ ಒಳಕ್ಕೆ ಹೋದರೆ ಒಂದು ಸಣ್ಣ ಹಳ್ಳಿಯಿದೆ. ಹೆಸರು ಹೇಳುವುದಿಲ್ಲ, ಯಾಕೆಂದು ಕೊನೆಗೆ ನಿಮಗೇ ಗೊತ್ತಾಗುತ್ತದೆ. ಅಲ್ಲಿ ಕಾಲುವೆ ಪಕ್ಕ ಬೊಂಬೆ ಕೆತ್ತಿದ ಕಲ್ಲೊಂದು ಬಿದ್ದಿದೆ ಎಂದು ನನ್ನ ವಿದ್ಯಾರ್ಥಿಯೊಬ್ಬನ ತಂದೆ ಹೇಳಿದ್ದರು.

ಸುತ್ತೂರಿನ ಅಂಗಡಿಯ ಮುಂದೆ ಕೂತಿದ್ದ ಒಬ್ಬ ಹಿರಿಯರನ್ನು ದಾರಿ ಕೇಳಿದೆ. "ನೆಟ್ಟಗೆ ಓಗಿ. ದೊಡ್ ಉಣಸೆಮರ ಬತ್ತದೆ. ಅದ್ರ ಎಡಕ್ಕೆ ತಿರುಗ್ಕಳಿ" ಎಂದರು.

ನೆಟ್ಟಗೆ ಹೋದೆವು. ಹುಣಸೆಮರ ಬರಲೇ ಇಲ್ಲ, ಮುಂದಿನ ಊರೇ ಬಂತು. ವಾಪಸ್ ಬಂದು ಮರ ಕಾಣಲಿಲ್ಲವಲ್ಲ ಎಂದೆ.

"ಕಾಣಕ್ಕೆ ಈಗೆಲ್ಲೈತೆ? ನಮ್ಮಪ್ಪನ ಮದ್ವೇಲೇ ಸೌದೆಗೆ ಕಡದ್ರು."

"ಮತ್ತೆ ಅದರ ಎಡಕ್ಕೆ ತಿರುಗಿ ಅಂದ್ರಲ್ಲ?"

"ಮರ ಓದ್ರೆ ಎಡ ಓಯ್ತದಾ ಸಾ?"

ಪೋಸ್ಟ್ ಮಾಸ್ಟರು ಅಲ್ಲೇ ಅವರ ಪಕ್ಕ ಕೂತುಬಿಟ್ಟರು. "ಮೇಷ್ಟ್ರೇ, ಇವರನ್ನ ಬಿಟ್ಟು ನೀವು ಕಲ್ಲು ಯಾಕೆ ಹುಡುಕ್ತೀರಿ? ಇಡೀ ಚರಿತ್ರೆ ಇಲ್ಲೇ ಕೂತ್ಕೊಂಡು ಬೀಡಿ ಸೇದ್ತಾ ಇದೆ."

ಅಪ್ಸರೆಯರ ಮೇಲೆ ಪಂಚೆ

ಕೊನೆಗೂ ಕಲ್ಲು ಸಿಕ್ಕಿತು. ಅದರ ಮುಂದೆ ಒಬ್ಬ ಅಜ್ಜಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಪಂಚೆಯೊಂದನ್ನು ಎತ್ತಿ ಎತ್ತಿ ಬಡಿಯುತ್ತಿದ್ದರು.

ಒಳ್ಳೆಯ ವೀರಗಲ್ಲು. ಊರ ದನ ಹೊಡೆದುಕೊಂಡು ಹೋದ ಕಳ್ಳರ ಜೊತೆ ಹೋರಾಡಿ ಸತ್ತವನಿಗೆ ಹಿಂದಿನವರು ನಿಲ್ಲಿಸುತ್ತಿದ್ದ ಕಲ್ಲು ಅದು. ಕೆಳಗೆ ಕತ್ತಿ ಹಿಡಿದ ವೀರ, ಅವನ ಹಿಂದೆ ಹಸುಗಳು. ನಡುವೆ ಅವನ ಎರಡು ತೋಳು ಹಿಡಿದು ಸ್ವರ್ಗಕ್ಕೆ ಕರೆದೊಯ್ಯುವ ಇಬ್ಬರು ಅಪ್ಸರೆಯರು. ಮೇಲೆ ಶಿವಲಿಂಗದ ಪಕ್ಕ ಕೈಮುಗಿದು ಕೂತ ಅದೇ ವೀರ. ಈಗ ಕಲ್ಲು ಕಾಲುವೆ ದಡದಲ್ಲಿ ಓರೆಯಾಗಿ ಮಲಗಿತ್ತು. ಅಜ್ಜಿಯ ಪಂಚೆ ನೇರವಾಗಿ ಅಪ್ಸರೆಯರ ಮೇಲೆ ಬೀಳುತ್ತಿತ್ತು.

"ಅಜ್ಜಿ, ಸ್ವಲ್ಪ ನಿಲ್ಲಿಸಿ" ಎಂದೆ.

"ಯಾಕಪ್ಪ, ಸೋಪ್ನೀರು ಮೈಮೇಲೆ ಆರ್ತಾ?"

ಅಲ್ಲ ಎಂದು ಕಲ್ಲಿನ ಕಥೆಯನ್ನು ವಿವರಿಸಿದೆ. ಅಜ್ಜಿ ಪಂಚೆಯನ್ನು ಹಿಂಡಿ ಹೆಗಲ ಮೇಲೆ ಹಾಕಿಕೊಂಡು ಕೇಳಿದರು. ಇಷ್ಟು ಗಮನ ಕೊಟ್ಟು ನನ್ನ ಪಾಠ ಕೇಳಿದವರು ಹೈಸ್ಕೂಲಿನಲ್ಲಿ ಯಾರೂ ಇರಲಿಲ್ಲ. ಹಸುಗಳ ಕೆಳಗಿನ ಪಟ್ಟಿಯಲ್ಲಿ ಹಳಗನ್ನಡದ ಅಕ್ಷರಗಳಿದ್ದವು. ದನ ಹೊಡೆದುಕೊಂಡು ಹೋದರು, ಇವನು ಬೆನ್ನಟ್ಟಿದ, ಅಲ್ಲಿಯವರೆಗೆ ಓದಲು ಬಂತು. ಮುಂದಿನ ಸಾಲು ಮಣ್ಣಿನೊಳಗೆ ಹೂತಿತ್ತು.

"ಸತ್ನಾ?" ಎಂದರು ಅಜ್ಜಿ.

"ಸತ್ತ. ಅದಕ್ಕೇ ಕಲ್ಲು ನಿಲ್ಲಿಸಿದ್ದು."

"ಅದ್ಸರಿ. ದನ ವಾಪಸ್ ಬಂದ್ವಾ?"

ಕೆಲವು ಕಲ್ಲುಗಳಲ್ಲಿ ದನ ಬಿಡಿಸಿ ಸತ್ತ ಎಂದಿರುತ್ತದೆ, ಕೆಲವುಗಳಲ್ಲಿ ಬರೀ ಸತ್ತ ಎಂದಿರುತ್ತದೆ. ಇದರಲ್ಲಿ ಏನಿದೆಯೋ, ಅದು ಆ ಹೂತ ಸಾಲಿನಲ್ಲೇ ಇತ್ತು.

"ಅದು ಮಣ್ಣಿನ ಕೆಳಗಿದೆ ಅಜ್ಜಿ."

"ನಮ್ ಕೆಂದಿ ಒಂದಿನ ಒತ್ಗೆ ಸರ್ಯಾಗಿ ಕೊಟ್ಗೆಗೆ ಬರ್ನಿಲ್ಲ ಅಂದ್ರೆ ನಂಗೆ ಮುದ್ದೆ ಇಳಿಯಾಕಿಲ್ಲ. ಪಾಪ, ಅವನೆಂಡ್ತಿ ಗತಿ ಏನಾಗಿರ್ಬೇಕು? ಗಂಡನೂ ಓದ, ದನನೂ ಓದ್ವು ಅಂದ್ರೆ ಎಂಗ್ ಬದ್ಕಾಳು?" ಅಜ್ಜಿಯ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಅದ್ನೊಸಿ ನೋಡಿ ಏಳಿ ಮೇಷ್ಟ್ರೇ."

ನಾನು ಅಷ್ಟು ವರ್ಷ ವೀರಗಲ್ಲಿನ ಪಾಠ ಮಾಡಿದ್ದೆ, ಆ ದನಗಳು ಏನಾದವು ಎಂದು ಯಾವ ಮಗುವೂ ಕೇಳಿರಲಿಲ್ಲ. ನೋಡಿಯೇ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಸದ್ಯಕ್ಕೆ ಬೇರೆಲ್ಲಾದರೂ ಬಟ್ಟೆ ಒಗೆಯುತ್ತೀರಾ ಎಂದು ಮೆಲ್ಲಗೆ ಕೇಳಿದೆ.

ಅಜ್ಜಿ ಪಂಚೆಯನ್ನು ಮತ್ತೆ ಕಲ್ಲಿಗೆ ಹಾಕಿದರು. "ಆಗಾಕಿಲ್ಲ ಕಣಪ್ಪ. ಈ ಎಣ್ಮಕ್ಕಳ ಮೇಲೆ ಉಜ್ಜುದ್ರೆ ಕೊಳೆ ಓದಂಗೆ ಬ್ಯಾರೆ ಯಾವ ಕಲ್ಲಲ್ಲೂ ಓಗಾಕಿಲ್ಲ."

ನಾನು ನಿಂತಲ್ಲೆಲ್ಲ ಗುಂಡಿ

ಕಲ್ಲನ್ನು ಎತ್ತಿ ನಿಲ್ಲಿಸಬೇಕು, ಕೆಳಗಿನ ಸಾಲು ಓದಬೇಕು. ಅದಕ್ಕೆ ಊರಿನ ಆಳುಗಳು ಬೇಕು, ಆಳುಗಳು ಬರಬೇಕಾದರೆ ಊರ ಯಜಮಾನರು ಹೂಂ ಅನ್ನಬೇಕು. ಯಜಮಾನರು ಹೂಂ ಅನ್ನಲಿಲ್ಲ. ಮೀಸೆ ತಿರುವುತ್ತಾ, "ಒಳ್ಗೇನೈತೆ ಅಂತ ಮೊದ್ಲು ಏಳಿ ಸಾ" ಎಂದರು.

"ಅಕ್ಷರ ಇದೆ."

"ಅಕ್ಷರಕ್ಕೆ ಯಾರಾರ ನರಸೀಪುರದಿಂದ ಇಷ್ಟ್ ದೂರ ನಡ್ಕಂಡ್ ಬಂದಾರಾ? ನಿಧಿ ತಾನೇ?"

ಅಲ್ಲವೇ ಅಲ್ಲ ಎಂದಷ್ಟೂ ಅವರ ಅನುಮಾನ ಬಲಿಯಿತು. ಮುಂದಿನ ಭಾನುವಾರ ಹೋದರೆ, ಹಿಂದಿನ ವಾರ ನಾನು ಯೋಚನೆ ಮಾಡುತ್ತಾ ನಿಂತಿದ್ದ ಅರಳಿಕಟ್ಟೆಯ ಮಗ್ಗುಲಲ್ಲಿ ಸೊಂಟದಷ್ಟು ಆಳದ ಗುಂಡಿ ಬಿದ್ದಿತ್ತು. ಅದನ್ನು ಬೇರೆ ಕಡೆ ನಿಂತು ನೋಡಿದೆ. ಅದರ ಮುಂದಿನ ವಾರ ಆ ಬೇರೆ ಕಡೆಯೂ ಗುಂಡಿ. ಪೋಸ್ಟ್ ಮಾಸ್ಟರು ಬೇಲಿ ಮರೆಗೆ ಹೋಗಿ ಬಂದಿದ್ದ ಜಾಗವನ್ನೂ ಬಿಟ್ಟಿರಲಿಲ್ಲ. ಯಾರು ಅಗೆದರು ಎಂದರೆ ಯಾರಿಗೂ ಗೊತ್ತಿಲ್ಲ, ಎಲ್ಲರ ಅಂಗೈಯಲ್ಲೂ ಬೊಬ್ಬೆ.

ಮಳೆಗಾಲ ಹತ್ತಿರ ಬಂದಾಗ ಒಬ್ಬ ರೈತ ನಮಗಾಗಿ ದಾರಿಯಲ್ಲೇ ಕಾದು ನಿಂತಿದ್ದ. ಎಳನೀರು ಕೆತ್ತಿ ಕೊಟ್ಟು, ಬಹಳ ಮರ್ಯಾದೆಯಿಂದ ತನ್ನ ಹೊಲಕ್ಕೆ ಕರೆದುಕೊಂಡು ಹೋದ. ಯಾವುದಾದರೂ ಕಲ್ಲು ತೋರಿಸುತ್ತಾನೇನೋ ಎಂದು ನಾನು ಖುಷಿಯಿಂದ ಹೋದೆ. ಹೊಲದಲ್ಲಿ ಒಂದು ಕಲ್ಲೂ ಇರಲಿಲ್ಲ.

"ಏನೂ ಇಲ್ಲವಲ್ಲಪ್ಪ?"

"ಇಲ್ಲ ಸಾ. ತೆಂಗಿನ್ ಸಸಿ ಇಕ್ಬೇಕು, ಆಳು ಸಿಕ್ತಾ ಇಲ್ಲ. ನೀವೊಸಿ ಈ ಬದುನ್ ಮೇಲೆ ಅಲ್ಲಲ್ಲಿ ನಿಂತ್ಕಂಡು, ಕೆಳಿಕ್ಕೆ ನೋಡ್ಕಂಡು ಓಗ್ಬುಡಿ. ಮುಂದಿನ್ ವಾರದೊಳ್ಗೆ ಗುಂಡಿ ಎಲ್ಲಾ ಅವೇ ಆಗ್ಬುಡ್ತವೆ."

ತಡವಾದರೂ ಪರವಾಗಿಲ್ಲ

ಆ ದಿನಗಳಲ್ಲಿ ನನಗೆ ಊಟ ಮಾಡಿದರೂ ಅದೇ, ಮಲಗಿದರೂ ಅದೇ. ಯಾರವನು, ದನ ಬಂದವೋ ಇಲ್ಲವೋ? ಒಂದು ಬೆಳಿಗ್ಗೆ ನರಸೀಪುರದ ಸಂಗಮದಲ್ಲಿ, ಕಾವೇರಿಗೆ ಕಪಿಲೆ ಬಂದು ಸೇರುವ ಕಡೆ, ಮೆಟ್ಟಿಲ ಮೇಲೆ ಕೂತು ನೀರನ್ನೇ ನೋಡುತ್ತಿದ್ದೆ. ಅಸ್ಥಿ ಬಿಡಲು ಜನ ಬರುವ ಜಾಗ ಅದು. ಪಂಚಪಾತ್ರೆ ಹಿಡಿದ ಒಬ್ಬ ಪುರೋಹಿತರು ಬಂದು ಪಕ್ಕದಲ್ಲಿ ನಿಂತರು. ಈ ಕಡೆಗೆ ಹೊಸಬರು, ನನ್ನ ಗುರುತಿಲ್ಲ.

"ಯಾರು ತೀರಿಕೊಂಡಿದ್ದು?" ಎಂದು ಮೆಲ್ಲಗೆ ಕೇಳಿದರು.

ನಾನು ನನ್ನ ಯೋಚನೆಯಲ್ಲೇ ಇದ್ದೆ. "ಪಾಪ, ಒಬ್ಬ ಹುಡುಗ. ದನ ಬಿಡಿಸೋಕೆ ಹೋಗಿ ಸತ್ತ."

"ಶಿವ ಶಿವ. ಹೆಸರು?"

"ಅದೇ ಗೊತ್ತಾಗ್ತಾ ಇಲ್ಲ ನೋಡಿ."

"ಗೋತ್ರ?"

"ಹೆಸರೇ ಗೊತ್ತಿಲ್ಲ, ಗೋತ್ರ ಎಲ್ಲಿಂದ ತರಲಿ?"

"ತೀರಿಕೊಂಡು ಎಷ್ಟು ದಿನ ಆಯ್ತು?"

"ಏಳೆಂಟು ನೂರು ವರ್ಷ ಆಗಿರಬಹುದು."

ಆಗಲಾದರೂ ಅವರು ಗಾಬರಿಯಾಗಿ ಹೊರಟು ಹೋಗಬೇಕಿತ್ತು. ಹೋಗಲಿಲ್ಲ. ಬೆರಳಿನಲ್ಲಿ ಏನೋ ಲೆಕ್ಕ ಹಾಕಿದರು. ಆಮೇಲೆ ಸಮಾಧಾನದ ದನಿಯಲ್ಲಿ ಹೇಳಿದರು. "ತಡವಾಗಿದೆ, ಆದ್ರೆ ಪರವಾಗಿಲ್ಲ. ಗೋತ್ರ ಗೊತ್ತಿಲ್ಲದೋರಿಗೆ ಕಾಶ್ಯಪ ಗೋತ್ರ ಅಂತ ಹೇಳಿ ಮುಗಿಸ್ತೀವಿ. ಹೋಗಿ, ಪಂಚೆ ಉಟ್ಕೊಂಡು ಬನ್ನಿ."

ಅಜ್ಜಿಗೊಂದು ಕಲ್ಲು

ಊರಿನಲ್ಲಿ ಅಗೆಯಲು ಇನ್ನು ಜಾಗ ಉಳಿಯದಿದ್ದಾಗ ಯಜಮಾನರೇ ನನ್ನನ್ನು ಕರೆಸಿದರು. "ನಿಧಿ ಇಲ್ಲ ಅಂತ ನಮ್ಗೆ ಕಾತ್ರಿ ಆಯ್ತು ಸಾ. ನೀವು ಒಳ್ಳೆ ಮನ್ಸ. ಬರೋ ಬಾನ್ವಾರ ಕಲ್ಲೆತ್ತವ" ಎಂದರು.

ಉಳಿದದ್ದು ಅಜ್ಜಿಯ ಒಪ್ಪಿಗೆ. "ಎತ್ಸಿ, ಬ್ಯಾಡ ಅನ್ನಾಕಿಲ್ಲ. ನಂಗೂ ದನದ್ ಸುದ್ದಿ ಬೇಕು. ಆದ್ರೆ ನಾನ್ ಬಟ್ಟೆ ಎಲ್ ಒಗೀಲಿ?"

ನ್ಯಾಯವಾದ ಮಾತು. ನಂಜನಗೂಡಿನ ರಸ್ತೆಯಲ್ಲಿ ಕಲ್ಲು ಕಡಿಯುವವರ ಹತ್ತಿರ ಒಳ್ಳೆಯ ಚಪ್ಪಡಿ ಆರಿಸಿ, ಎತ್ತಿನ ಗಾಡಿಯಲ್ಲಿ ಹೊರಡಿಸುವುದೆಂದು ನಿಶ್ಚಯಿಸಿದೆ. ಈ ವಿಷಯ ಮನೆಯಲ್ಲಿ ಗೊತ್ತಾಗಬಾರದಿತ್ತು. ಪೋಸ್ಟ್ ಮಾಸ್ಟರ ಬಾಯಿಂದ ಗೊತ್ತಾಯಿತು.

"ನಮ್ಮನೆ ಹಿತ್ತಲ ಬಟ್ಟೆ ಒಗೆಯೋ ಕಲ್ಲು ಬಿರುಕು ಬಿಟ್ಟು ವರ್ಷ ಆಯ್ತು" ಎಂದಳು ಹೆಂಡತಿ. "ದಿನಾ ಹೇಳ್ತಿದ್ದೆ. ಅದಕ್ಕೆ ಗತಿ ಇಲ್ಲ. ಯಾವುದೋ ಊರಿನ ಅಜ್ಜಿಗೆ ಗಾಡಿ ಕಟ್ಟಿಸಿ ಕಲ್ಲು ಕಳಿಸ್ತಾರಂತೆ!"

ನಾನು ಚರಿತ್ರೆಯ ಮಹತ್ವ ವಿವರಿಸಲು ಹೊರಟೆ. ಅವಳು ಕೈಯೆತ್ತಿ ತಡೆದಳು. "ಒಂದು ಮಾತು ಹೇಳಿ ಸಾಕು. ನಮ್ಮ ಹಿತ್ತಲ ಕಲ್ಲಿನ ಮೇಲೂ ಯಾರಾದ್ರೂ ಸತ್ತಿದ್ರೆ ಹೊಸದು ತರ್ತೀರಾ?"

ಗಾಡಿಯಲ್ಲಿ ಎರಡು ಕಲ್ಲು ಹೊರಟವು.

ಕಾಯಿ ಎರಡು ಹೋಳು

ಆ ಭಾನುವಾರ ಮಧ್ಯಾಹ್ನ ನಾನು ಬ್ರಷ್ಷು, ಬಕೆಟ್ಟು, ಅಕ್ಷರ ಎದ್ದು ಕಾಣಲು ಬಳಿಯುವ ಬಿಳಿ ಸುಣ್ಣದ ಪುಡಿ ಎಲ್ಲ ತೆಗೆದುಕೊಂಡು ಹೋದೆ. ಊರಿನವರು ಹಾರೆ, ಹಗ್ಗ ತಂದಿದ್ದರು. ಅದರ ಜೊತೆ ಬಾಳೆಹಣ್ಣು, ಊದುಬತ್ತಿ, ಕರ್ಪೂರ, ಒಂದು ತೆಂಗಿನಕಾಯಿ.

"ಇದೆಲ್ಲ ಯಾಕೆ?" ಎಂದೆ.

"ಕಾಯ್ ಒಡೀದೆ ಕಲ್ ಅಲ್ಲಾಡ್ಸ್ಬಾರ್ದು ಸಾ" ಎಂದರು ಯಜಮಾನರು. "ನೀವೇ ಒಡೀರಿ. ಮೇಷ್ಟ್ರು, ಕೈ ಸುದ್ಧ."

ಒಡೆದರೆ ಏನು ನಷ್ಟ ಎಂದು ಒಡೆದೆ. ನನ್ನ ಜನ್ಮದಲ್ಲಿ ನಾನು ಒಡೆದ ಕಾಯಿ ಒಂದೂ ನೆಟ್ಟಗೆ ಒಡೆದಿಲ್ಲ, ಚೂರು ಚೂರಾಗಿ ನೀರು ನನ್ನ ಶರ್ಟಿಗೇ ಬೀಳುವುದು ವಾಡಿಕೆ. ಅವತ್ತು ಮಾತ್ರ ಗರಗಸದಲ್ಲಿ ಕೊಯ್ದಂತೆ ಎರಡು ಸಮ ಹೋಳಾಯಿತು, ಒಂದರೊಳಗೆ ಹೂವೂ ಇತ್ತು.

"ಒಪ್ಕಂತು!" ಎಂದು ಯಾರೋ ಕೂಗಿದರು. ಹೆಂಗಸರು ಕೆನ್ನೆ ಬಡಿದುಕೊಂಡರು.

ಹಗ್ಗ ಹಾಕಿ, ಹಾರೆ ಮೀಟಿ, ಐಸಾ ಎಂದು ಕೂಗಿ ಎತ್ತಿದರು. ಕಲ್ಲಿನ ಬುಡ ಮೇಲೆ ಬಂತು. ಹಸುಗಳ ಕೆಳಗೆ, ಗಟ್ಟಿ ಕೆಸರು ಮೆತ್ತಿದ ಪಟ್ಟಿ. ಅದರ ಒಂದು ತುದಿಯಲ್ಲಿ ಅಕ್ಷರದ ಕೊಂಬೊಂದು ಕಂಡಿತು. ನಾನು ಬಕೆಟ್ ಹಿಡಿದು ಓಡಿದೆ. "ಹಾಗೇ ಹಿಡ್ಕೊಳ್ಳಿ! ಒಂದು ನಿಮಿಷ! ತೊಳೆದು ಓದಿಬಿಡ್ತೀನಿ!"

"ರಾವುಕಾಲ ಬಂತು ಸಾ!" ಎಂದು ಯಜಮಾನರು ಕಿರುಚಿದರು. "ನಿಲ್ಸ್ರಲೇ!"

ದೊಪ್ಪೆಂದು ಕಲ್ಲು ಹೊಸ ಗುಂಡಿಗೆ ಇಳಿಯಿತು. ಗುಂಡಿಯನ್ನು ಬಹಳ ಶ್ರದ್ಧೆಯಿಂದ ಅಗೆದಿದ್ದರು, ಅಗೆದು ಅಗೆದು ಆಗಲೇ ಒಳ್ಳೆ ಅಭ್ಯಾಸವಾಗಿತ್ತಲ್ಲ. ಅಕ್ಷರದ ಪಟ್ಟಿಯ ಜೊತೆಗೆ ಹಸುಗಳೂ ಮೊಣಕಾಲವರೆಗೆ ಒಳಗೆ ಹೋದವು. ಸುತ್ತ ಜಲ್ಲಿ, ಮಣ್ಣು ಹಾಕಿ ದಮ್ಮಸ್ಸು ಹೊಡೆದರು. ಅರಿಸಿನ ಬಂತು, ಕುಂಕುಮ ಬಂತು. ನಾನು ಬ್ರಷ್ಷು ಹಿಡಿದು ಹತ್ತಿರ ಹೋದಾಗ, ಸ್ನಾನ ಆಗಿದೆಯಾ ಎಂದು ಕೇಳಿದರು.

ಪೋಸ್ಟ್ ಮಾಸ್ಟರು ನೆರಳಿನಲ್ಲಿ ಡಬ್ಬಿ ಬಿಚ್ಚುತ್ತಾ ಹೇಳಿದರು. "ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ಮಣ್ಣಲ್ಲಿ ಮಲಗಿತ್ತು, ಈಗ ಮಣ್ಣಲ್ಲಿ ನಿಂತಿದೆ. ಪ್ರಮೋಷನ್ ಆಯ್ತು ಅನ್ಕೊಳ್ಳಿ."

ಮುಂದಿನ ವಾರ, ಒಂದಿಷ್ಟು ಕೆದಕಲು ಬಿಡುತ್ತಾರೇನೋ ಎಂದು ಹೋದೆ. ಸುತ್ತ ಸಿಮೆಂಟು ಹಾಕಿ ಪೀಠ ಕಟ್ಟಿದ್ದರು. ಅಜ್ಜಿ ಸ್ವಲ್ಪ ದೂರದಲ್ಲಿ ಹೊಸ ಚಪ್ಪಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಎಂಥ ಕಲ್ ತಂದ್ರಿ ಮೇಷ್ಟ್ರೇ? ಗರಗಸ ಇದ್ದಂಗದೆ. ಎರಡ್ ಪಂಚೆ ಅರ್ದೋದ್ವು." ಆಮೇಲೆ ದನಿ ತಗ್ಗಿಸಿ ಕೇಳಿದರು. "ಓಗ್ಲಿ, ದನ ಬಂದ್ವಾ?"

"ಗೊತ್ತಾಗಲಿಲ್ಲ ಅಜ್ಜಿ. ಇನ್ನು ಗೊತ್ತಾಗೋದೂ ಇಲ್ಲ."

ಕಲ್ಲೂ ಹೋಯಿತು, ಸುದ್ದಿಯೂ ಇಲ್ಲ. ಅವರ ಮುಖ ನೋಡಲು ನನಗೆ ಸಂಕಟವಾಯಿತು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ನನ್ನ ಮುಖವನ್ನೇ ನೋಡಿ, "ನೀವ್ಯಾಕಪ್ಪ ಅಂಗ್ ಮಕ ಮಾಡ್ಕಂಡಿದ್ದೀರಿ? ಬುಡಿ, ಅದ್ನ ನಾನ್ ನೋಡ್ಕತೀನಿ" ಎಂದರು.

ಏನು ನೋಡಿಕೊಳ್ಳುತ್ತಾರೆ ಎಂದು ನನಗೆ ಆಗ ಅರ್ಥವಾಗಲಿಲ್ಲ.

ಮೇಷ್ಟ್ರಪ್ಪ

ಅದಾದ ಮೇಲೆ ನನಗೆ ಹಾಸನದ ಕಡೆಗೆ ವರ್ಗವಾಯಿತು. ರಿಟೈರಾಗಿ ನರಸೀಪುರಕ್ಕೆ ವಾಪಸ್ ಬರುವ ಹೊತ್ತಿಗೆ ಎರಡು ಸಾವಿರದ ಇಸವಿ ದಾಟಿ, ಎಲ್ಲರ ಜೇಬಿನಲ್ಲೂ ಮೊಬೈಲು ಬಂದಿತ್ತು. ನನ್ನ ತಲೆಯಲ್ಲಿ ಕೂದಲಿರಲಿಲ್ಲ, ಬಾಯಿಯಲ್ಲಿ ಕಟ್ಟಿಸಿದ ಹಲ್ಲು. ಪೋಸ್ಟ್ ಮಾಸ್ಟರು ಮಾತ್ರ ಹಾಗೇ ಇದ್ದರು, ಡಬ್ಬಿಯೂ ಅದೇ.

ಮೊದಲ ಭಾನುವಾರವೇ ಹೊರಟೆವು. ಸುತ್ತೂರಿನವರೆಗೆ ಬಸ್ಸು, ಅಲ್ಲಿಂದ ಮಂಡಿ ಹಿಡಿದುಕೊಂಡು ನಡಿಗೆ. ಇಲ್ಲದ ಹುಣಸೆಮರದ ಎಡಕ್ಕೆ ಸರಿಯಾಗಿ ತಿರುಗಿದೆವು.

ಕಾಲುವೆ ಪಕ್ಕದಲ್ಲಿ ತಾರಸಿ ಹಾಕಿದ ಪುಟ್ಟ ಗುಡಿ, ಕಬ್ಬಿಣದ ಬಾಗಿಲು, ಮೇಲೊಂದು ಗಂಟೆ. ಒಳಗೆ ನಮ್ಮ ವೀರ ಎಣ್ಣೆ, ಅರಿಸಿನ ಬಳಿಸಿಕೊಂಡು ಬೆಳ್ಳಿಯ ಕಣ್ಣು ಬಿಟ್ಟು ನಮ್ಮನ್ನೇ ನೋಡುತ್ತಿದ್ದ. ಅಪ್ಸರೆಯರಿಗೆ ಹಸಿರು ಸೀರೆ ಉಡಿಸಿದ್ದರು. ಒಬ್ಬ ಹೆಂಗಸು ತಟ್ಟೆ ಹಿಡಿದು ಬಂದು, "ಚಪ್ಪಲಿ ಆಚೆ ಬುಡಿ ಸಾ" ಎಂದಳು.

ಇಲ್ಲೊಬ್ಬ ಅಜ್ಜಿ ಇದ್ದರಲ್ಲ, ಬಟ್ಟೆ ಒಗೆಯುತ್ತಿದ್ದರು ಎಂದು ಕೇಳಿದೆ.

"ನಮ್ಮತ್ತೆ ಸಾ. ತೀರ್ಕಂಡ್ರು. ನಾನು ಸೊಸೆ, ಮೊದ್ಲಿಂದ್ಲೂ ಅವರೇ ಇಲ್ಲಿ ಪೂಜೆ ಮಾಡ್ತಿದ್ದುದ್ದು. ಬಂದೋರ್ಗೆಲ್ಲ ಕಥೆ ಏಳ್ತಿದ್ರು."

ಅವರಿಗೆ ನಾನು ಕೊಟ್ಟ ಮಾತು ಹಾಗೇ ಉಳಿದುಬಿಟ್ಟಿತಲ್ಲ ಎಂದು ಬಹಳ ದುಃಖವಾಯಿತು. ಸುಧಾರಿಸಿಕೊಳ್ಳಲು ಆ ಕಡೆ ಈ ಕಡೆ ನೋಡಿದೆ. ಬಾಗಿಲ ಪಕ್ಕದಲ್ಲಿ, ಇಟ್ಟಿಗೆಯ ಕಟ್ಟೆಯ ಮೇಲೆ, ಇನ್ನೊಂದು ಕಲ್ಲಿತ್ತು. ವಿಭೂತಿಯ ಮೂರು ಗೆರೆ, ಮೇಲೊಂದು ಕಣಗಿಲೆ ಹೂವು. ನಂಜನಗೂಡಿನ ರಸ್ತೆಯಲ್ಲಿ ನಾನೇ ತಟ್ಟಿ ನೋಡಿ ಆರಿಸಿದ್ದ ಚಪ್ಪಡಿ.

"ಇದ್ಯಾವ ದೇವರಮ್ಮ?"

"ಇದು ಮೇಷ್ಟ್ರಪ್ಪ ಸಾ."

ಪೋಸ್ಟ್ ಮಾಸ್ಟರಿಗೆ ಕೆಮ್ಮು ಬಂತು.

"ನರಸೀಪುರದಲ್ಲಿ ಒಬ್ರು ಮೇಷ್ಟ್ರಿದ್ರಂತೆ" ಎಂದು ಅವಳು ತಟ್ಟೆ ಕೆಳಗಿಟ್ಟು, ಅತ್ತೆಯಿಂದ ಕಲಿತ ಪಾಠವನ್ನು ರಾಗವಾಗಿ ಶುರುಮಾಡಿದಳು. "ಭಾಳ ಒಳ್ಳೇರಂತೆ. ಆ ಕಾಲ್ದಲ್ಲಿ ಕಳ್ರು ಬಂದು ಈ ಊರಿನ್ ದನ ಎಲ್ಲಾ ಒಡ್ಕಂಡೋದ್ರಂತೆ. ಊರೋರೆಲ್ಲ ಎದ್ರುಕಂಡು ಬಾಗ್ಲಾಕ್ಕಂಡ್ರು. ಮೇಷ್ಟ್ರು ಒಬ್ರೇ ನಡ್ಕಂಡೇ ಓದ್ರಂತೆ. ನಡ್ದೂ ನಡ್ದೂ ಕೊನೀಗೆ ಇಲ್ಲೇ ಪ್ರಾಣ ಬುಟ್ರು. ಇದು ಅವ್ರ್ದೇ ಕಲ್ಲು."

"ಈ ಕಲ್ಲನ್ನೇ ಯಾಕೆ ಇಟ್ಟಿರಿ?" ಎಂದು ನನ್ನ ದನಿ ನನಗೇ ಕೇಳದಂತೆ ಕೇಳಿದೆ.

"ಅದು ಬಟ್ಟೆ ಒಗ್ಯಕ್ಕೆ ಬತ್ತಿರ್ನಿಲ್ವಂತೆ ಸಾ, ಎಲ್ಲಾ ಅರೀತಿತ್ತಂತೆ. ಪೂಜೆಗಾರಾ ಆಗ್ಲಿ ಅಂತ ಅತ್ತೆನೇ ತಂದಿಕ್ಕುದ್ರು."

ಪೋಸ್ಟ್ ಮಾಸ್ಟರು ಗಂಭೀರವಾಗಿ ಚಪ್ಪಲಿ ಬಿಟ್ಟು ನನ್ನ ಕಲ್ಲಿಗೆ ಅಡ್ಡಬಿದ್ದರು. ಎದ್ದು ನನ್ನ ಪಕ್ಕೆಗೆ ತಿವಿದರು. "ಕೈ ಮುಗೀರಿ ಮೇಷ್ಟ್ರೇ... ಅಲ್ಲ, ಸ್ವಾಮಿ. ತೀರಿಕೊಂಡೋರು, ಮರ್ಯಾದೆ ಕೊಡಬೇಕು."

ಮುಗಿದೆ. ಬೇರೇನು ಮಾಡಲಿ? ಅವಳು ಹಣೆಗೆ ವಿಭೂತಿ ಹಚ್ಚಿ, ಅಂಗೈಗೆ ಬಾಳೆಹಣ್ಣು ಹಾಕಿದಳು. ನನ್ನ ಪ್ರಸಾದವನ್ನು ನಾನೇ ತಿಂದೆ. ಹೊರಡುವಾಗ ಮಾತ್ರ ತಡೆಯಲಾಗಲಿಲ್ಲ. ನಲವತ್ತು ಮಕ್ಕಳ ಮುಂದೆ ಆಧಾರವಿಲ್ಲದೆ ಏನನ್ನೂ ನಂಬಬಾರದು ಎಂದು ಜನ್ಮವಿಡೀ ಹೇಳಿದವನು, ಬಾಗಿಲ ಬಳಿ ತಿರುಗಿ ನಿಂತು ಅಜ್ಜಿಯ ಪ್ರಶ್ನೆಯನ್ನು ನಾನೇ ಕೇಳಿದೆ.

"ಅಮ್ಮ, ದನ ವಾಪಸ್ ಬಂದ್ವಾ?"

"ಬರ್ದೆ ಏನು ಸಾ?" ಎಂದಳು ಅವಳು, ಇಷ್ಟೂ ಗೊತ್ತಿಲ್ಲವಲ್ಲ ಎಂಬಂತೆ ನನ್ನ ಮುಖ ನೋಡಿ. "ಒಂದ್ ಕರ ಕೂಡ ತಪ್ಪಿಸ್ಕಳ್ದಂಗೆ ಎಲ್ಲಾನೂ ಆ ಮೇಷ್ಟ್ರೇ ಒಡ್ಕಂಡ್ ಬಂದ್ರು. ನಮ್ಮತ್ತೆ ಕಣ್ಣಾರೆ ನೋಡವ್ರೆ."